ಹಳೆ ಇನ್‌ಸ್ಟಂಟ್ ಕ್ಯಾಮೆರಾ ಕೈಗೆ ಬಂತಾ? ಮೊದಲು ಬ್ಯಾಟರಿ ಎಲ್ಲಿದೆ ನೋಡಿ

ನಮ್ಮ ಚಿಕ್ಕಪ್ಪ ಎಂಬತ್ತರ ದಶಕದ ಕೊನೆಯಲ್ಲಿ ಅಮೆರಿಕದಿಂದ ಬರುವಾಗ ಒಂದು ಪೋಲರಾಯ್ಡ್ 600 ತಂದಿದ್ದರು, ಬಟನ್ ಒತ್ತಿದ ಕೂಡಲೇ ಚಿತ್ರವನ್ನು ಹೊರಗೆ ಉಗುಳುವ ಇನ್‌ಸ್ಟಂಟ್ ಕ್ಯಾಮೆರಾ. ಜೊತೆಗೆ ಎರಡು ಪ್ಯಾಕ್ ಫಿಲ್ಮ್. ಎರಡೂ ಒಂದೇ ಮುಂಜಿಯಲ್ಲಿ ಖಾಲಿಯಾದವು. ಊರಲ್ಲಿ ಆ ಫಿಲ್ಮ್ ಸಿಗಲಿಲ್ಲ, ಕ್ಯಾಮೆರಾ ಬೀರು ಸೇರಿತು. ಹಳೆ ಪಂಚಾಂಗ, ಮದುವೆ ಕಾರ್ಡುಗಳ ಜೊತೆ ಮೂವತ್ತು ವರ್ಷ ಅಲ್ಲೇ ಇತ್ತು.

ಅದು ನನ್ನ ಕೈಗೆ ಬಂದ ಕೂಡಲೇ ಒಂದು ಪ್ಯಾಕ್ ಫಿಲ್ಮ್ ತರಿಸಿದೆ. ಹಾಕಿದೆ, ಬಾಗಿಲು ಮುಚ್ಚಿದೆ. ಸದ್ದೇ ಇಲ್ಲ. ಬಟನ್ ಒತ್ತಿದರೂ ಇಲ್ಲ. "ಹೋಗಿದೆ ಬಿಡು, ಗುಜರಿಗೆ ಹಾಕು" ಎಂದರು ಮನೆಯಲ್ಲಿ. ಎರಡು ವಾರ ಅದು ಹಳೆ ಪೇಪರ್ ಕಟ್ಟಿನ ಪಕ್ಕ ಕೂತಿತ್ತು. ಆಮೇಲೆ ಗೊತ್ತಾಯಿತು, ತಪ್ಪು ಕ್ಯಾಮೆರಾದ್ದಲ್ಲ, ನನ್ನದು. ನಾನು ತರಿಸಿದ್ದು ಪೋಲರಾಯ್ಡಿನ ಹೊಸ ಕ್ಯಾಮೆರಾಗಳಿಗೆಂದು ಮಾಡಿದ ಐ-ಟೈಪ್ ಫಿಲ್ಮ್. ಅದರ ಪ್ಯಾಕಿನಲ್ಲಿ ಬ್ಯಾಟರಿ ಇರುವುದಿಲ್ಲ. ಈ ಹಳೆ ಕ್ಯಾಮೆರಾದಲ್ಲೂ ಇಲ್ಲ. ಬುತ್ತಿ ಅವನು ತರ್ತಾನೆ ಅಂತ ಇವನು, ಇವನು ತರ್ತಾನೆ ಅಂತ ಅವನು, ಕೊನೆಗೆ ಇಬ್ಬರೂ ಉಪವಾಸ.

ಆಮೇಲೆ ನಾನು ಒಂದಷ್ಟು ಸೆಕೆಂಡ್ ಹ್ಯಾಂಡ್ ಕ್ಯಾಮೆರಾಗಳನ್ನು ಕೊಂಡೆ, ಕೆಲವನ್ನು ರಿಪೇರಿ ಮಾಡಿದೆ, ಒಂದೆರಡನ್ನು ಕೆಡಿಸಿದೆ. ಈಗ ಯಾರಾದರೂ "ಇದು ತಗೊಳ್ಳಲಾ, ಸರಿ ಮಾಡಬಹುದಾ?" ಎಂದು ಕೇಳಿದರೆ ನಾನು ಕೇಳುವುದು ಎರಡೇ. ಇದರ ಫಿಲ್ಮ್ ಇವತ್ತಿಗೂ ತಯಾರಾಗುತ್ತಾ? ಬ್ಯಾಟರಿ ಕ್ಯಾಮೆರಾದಲ್ಲಿದೆಯಾ, ಫಿಲ್ಮ್ ಪ್ಯಾಕಿನಲ್ಲಿದೆಯಾ? ಲೆನ್ಸ್, ಮಾಡೆಲ್, ಬಣ್ಣ ಎಲ್ಲ ಆಮೇಲೆ.

ಫಿಲ್ಮ್ ಇಲ್ಲದ ಕ್ಯಾಮೆರಾಗಳು

ಇವುಗಳ ವಿಷಯ ಬೇಗ ಮುಗಿಸಿಬಿಡೋಣ.

ಕೊಡ್ಯಾಕ್ ಹೆಸರಿನ ಹಳೆ ಇನ್‌ಸ್ಟಂಟ್ ಕ್ಯಾಮೆರಾ ಕಂಡರೆ ಕೈ ಮುಗಿದು ಮುಂದೆ ಹೋಗಿ. ಕೊಡ್ಯಾಕ್ 1976ರಲ್ಲಿ ಈ ವ್ಯಾಪಾರಕ್ಕೆ ಇಳಿಯಿತು. ಪೇಟೆಂಟ್ ಕದ್ದಿದ್ದಾರೆ ಎಂದು ಪೋಲರಾಯ್ಡ್ ಕೋರ್ಟಿಗೆ ಹೋಯಿತು, ಗೆದ್ದಿತು. 1986ರ ಜನವರಿಯಲ್ಲಿ ಕೊಡ್ಯಾಕ್ ಅಂಗಡಿ ಮುಚ್ಚಬೇಕಾಯಿತು. ಆ ಫಿಲ್ಮ್ ಆವತ್ತೇ ಹೋಯಿತು.

ಉದ್ದನೆ ಮೂತಿ, ಮಡಚುವ ತಿದಿ ಇರುವ ಪೋಲರಾಯ್ಡ್ ಲ್ಯಾಂಡ್ ಕ್ಯಾಮೆರಾಗಳು ನೋಡಲು ಬಲು ಚೆಂದ. 1963ರಲ್ಲಿ ಬಂದ 'ಪ್ಯಾಕ್ ಫಿಲ್ಮ್' ಎಂಬ ಬೇರೆಯೇ ಜಾತಿಯ ಫಿಲ್ಮ್ ಇವುಗಳಿಗೆ ಬೇಕು. ಚಿತ್ರವನ್ನು ಕೈಯಲ್ಲೇ ಎಳೆದು, ಒಂದೆರಡು ನಿಮಿಷ ಕಾದು, ಬಾಳೆಹಣ್ಣಿನ ಸಿಪ್ಪೆಯ ಹಾಗೆ ಸುಲಿಯುವ ಫಿಲ್ಮ್ ಅದು. ಪೋಲರಾಯ್ಡ್ 2008ರಲ್ಲಿ ನಿಲ್ಲಿಸಿತು. ಫ್ಯೂಜಿ ತನ್ನ ಕೊನೆಯ ಎಫ್‌ಪಿ-100ಸಿ ಫಿಲ್ಮನ್ನು 2016ರಲ್ಲಿ ನಿಲ್ಲಿಸಿತು. ಈಗ ಸಿಗುವುದು ಅವಧಿ ಮೀರಿದ ಹಳೆ ಸರಕು, ಅದೂ ಚಿನ್ನದ ಬೆಲೆಗೆ. ಪಾಸ್‌ಪೋರ್ಟ್ ಫೋಟೋಕ್ಕೆ ಬಳಸುತ್ತಿದ್ದ ನಾಲ್ಕು ಲೆನ್ಸಿನ ಕ್ಯಾಮೆರಾ ಕೂಡ ಇದೇ ಜಾತಿ. ಹಳೆ ಸ್ಟುಡಿಯೋ ಸಾಮಾನಿನ ಜೊತೆ ಅಂಥದ್ದು ಕಂಡರೆ ಶೋಕೇಸಿಗೆ ತಗೊಳ್ಳಿ, ಫೋಟೋ ತೆಗೆಯಲು ಬೇಡ.

ಪೋಲರಾಯ್ಡ್ ಸ್ಪೆಕ್ಟ್ರಾ ವಿಷಯದಲ್ಲಿ ನನಗೆ ನಿಜಕ್ಕೂ ಬೇಜಾರು. 1986ರ ಈ ಕ್ಯಾಮೆರಾ ಅಗಲ ಚಿತ್ರ ಕೊಡುತ್ತಿತ್ತು, ಲೆನ್ಸೂ ಚೆನ್ನಾಗಿತ್ತು. ಆದರೆ ಹೊಸದಾಗಿ ಮಾಡಿದ ಫಿಲ್ಮ್ ಒಳಗೆ ಸಿಕ್ಕಿಹಾಕಿಕೊಳ್ಳುವುದು ಜಾಸ್ತಿಯಾಗಿ 2019ರಲ್ಲಿ ಅದನ್ನೂ ನಿಲ್ಲಿಸಿದರು. ಮಾರುವವರು "ಸೂಪರ್ ಕಂಡೀಷನ್" ಎನ್ನುತ್ತಾರೆ. ಸುಳ್ಳೇನಲ್ಲ. ಪೆಟ್ರೋಲೇ ಸಿಗದ ಊರಿನಲ್ಲಿ ಬೈಕು ಎಷ್ಟು ಕಂಡೀಷನ್ನಲ್ಲಿದ್ದರೆ ಏನು?

ಪೋಲರಾಯ್ಡ್ ಎಂಬ ಹೆಸರನ್ನೂ ನಂಬಿ ಕೂರಬೇಡಿ. 2015ರ ಪೋಲರಾಯ್ಡ್ ಸ್ನ್ಯಾಪ್ ಫಿಲ್ಮ್ ಕ್ಯಾಮೆರಾನೇ ಅಲ್ಲ. ಅದು ಝಿಂಕ್ ಎಂಬ, ಬಿಸಿ ತಾಗಿದರೆ ಬಣ್ಣ ಬರುವ ಕಾಗದದ ಮೇಲೆ ಪ್ರಿಂಟ್ ಹಾಕುವ ಡಿಜಿಟಲ್ ಕ್ಯಾಮೆರಾ. ಇನ್ನೊಂದು ಕಡೆ 2010ರ ಪೋಲರಾಯ್ಡ್ 300 ಇದೆ. ಮೇಲೆ ಪೋಲರಾಯ್ಡ್ ಎಂದಿದ್ದರೂ ಒಳಗೆ ಫ್ಯೂಜಿಯ ಇನ್‌ಸ್ಟಾಕ್ಸ್ ಮಿನಿ 7. ಇನ್‌ಸ್ಟಾಕ್ಸ್ ಮಿನಿ ಫಿಲ್ಮ್ ಸಲೀಸಾಗಿ ಕೂರುತ್ತದೆ. ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ, ಹಾಗಾಗಿ ಕೆಲವೊಮ್ಮೆ ಅಗ್ಗಕ್ಕೆ ಸಿಗುತ್ತದೆ.

ಉಳಿದವು ಮೂರು: ಪೋಲರಾಯ್ಡ್ 600, ಅದೇ ಕಂಪನಿಯ ಮಡಚುವ ಕ್ಯಾಮೆರಾ ಎಸ್‌ಎಕ್ಸ್-70, ಫ್ಯೂಜಿಯ ಇನ್‌ಸ್ಟಾಕ್ಸ್. ನಮ್ಮ ಹೋಲಿಕೆ ಇವುಗಳ ನಡುವೆ.

ಬ್ಯಾಟರಿ ಎಲ್ಲಿದೆ ಎಂಬುದು ಯಾಕೆ ಅಷ್ಟು ಮುಖ್ಯ

1972ರಲ್ಲಿ ಪೋಲರಾಯ್ಡ್ ಸ್ಥಾಪಕ ಎಡ್ವಿನ್ ಲ್ಯಾಂಡ್ ಎಸ್‌ಎಕ್ಸ್-70 ತೋರಿಸಿದಾಗ ಅದರಲ್ಲಿ ಒಂದು ಜಾಣತನ ಇತ್ತು. 6 ವೋಲ್ಟಿನ ಚಪ್ಪಟೆ ಬ್ಯಾಟರಿಯನ್ನು ಫಿಲ್ಮ್ ಪ್ಯಾಕಿನ ತಳದಲ್ಲೇ ಇಟ್ಟಿದ್ದರು. ಮೋಟಾರು, ಶಟರ್ ಎಲ್ಲ ಅದರಿಂದಲೇ ಓಡಬೇಕು. ಪ್ಯಾಕ್ ಮುಗಿದರೆ ಬ್ಯಾಟರಿಯೂ ಕಸಕ್ಕೆ. 1981ರಲ್ಲಿ ಬಂದ 600 ಕೂಡ ಇದೇ ದಾರಿ ಹಿಡಿಯಿತು, ಅದರ ಫ್ಲ್ಯಾಷ್ ಕೂಡ ಪ್ಯಾಕಿನಿಂದಲೇ ಉಣ್ಣುತ್ತದೆ.

ಅವತ್ತು ಇದು ದುಂದು ಅನ್ನಿಸಿರಬಹುದು. ಇವತ್ತು ನಮಗೆ ಅದೇ ವರ. ಮೂವತ್ತು ನಲವತ್ತು ವರ್ಷ ಬೀರುವಿನಲ್ಲಿದ್ದ ಪೋಲರಾಯ್ಡ್ ಒಳಗೆ ಸೋರಿ ಹಾಳಾಗಲು ಪೆನ್‌ ಸೆಲ್ಲುಗಳೇ ಇರುವುದಿಲ್ಲ. ಹೊಸ ಪ್ಯಾಕ್ ಹಾಕಿದರೆ ಹೊಸ ಬ್ಯಾಟರಿಯೂ ಬಂತು.

ಇನ್‌ಸ್ಟಾಕ್ಸ್ ಇದಕ್ಕೆ ಉಲ್ಟಾ. ಫಿಲ್ಮಿನಲ್ಲಿ ಬ್ಯಾಟರಿ ಇಲ್ಲ, ಕ್ಯಾಮೆರಾದಲ್ಲಿ ಇದೆ. ಮಿನಿ 8, ಮಿನಿ 9ಕ್ಕೆ ಎರಡು ಪೆನ್‌ ಸೆಲ್. ಮಿನಿ 7ಎಸ್‌ಗೆ, ವೈಡ್ 210 ಮತ್ತು 300ಕ್ಕೆ ನಾಲ್ಕು. ಮಿನಿ 90ಕ್ಕೆ ಚಾರ್ಜ್ ಮಾಡುವ ಬ್ಯಾಟರಿ. ಹುಟ್ಟುಹಬ್ಬಕ್ಕೆ ಬಂದ ಕ್ಯಾಮೆರಾ ಆರು ತಿಂಗಳಲ್ಲಿ ಬೇಜಾರಾಗಿ ಮೂಲೆ ಸೇರುತ್ತದೆ. ಸೆಲ್ ಒಳಗೇ ಉಳಿಯುತ್ತದೆ. ಆಮೇಲೆ ಅದು ಸೋರಿ ಸ್ಪ್ರಿಂಗನ್ನು ತಿನ್ನುತ್ತದೆ. ನಲವತ್ತು ವರ್ಷದ ಪೋಲರಾಯ್ಡ್ ಎದ್ದು ಕೂರುತ್ತದೆ, ಎಂಟು ವರ್ಷದ ಇನ್‌ಸ್ಟಾಕ್ಸ್ ಏಳುವುದಿಲ್ಲ. ಇದನ್ನು ನಾನು ಒಂದಲ್ಲ, ಮೂರು ಸಲ ನೋಡಿದ್ದೇನೆ.

600 ಡಬ್ಬಿ: ಮೊದಲ ಸಲಕ್ಕೆ ಇದೇ ಸರಿ

ಮುಂದಿನ ಬಾಗಿಲನ್ನು ಮೇಲೆತ್ತಿದರೆ ಫ್ಲ್ಯಾಷ್ ಏಳುವ, ಪ್ಲಾಸ್ಟಿಕ್ ಡಬ್ಬಿಯಂಥ ಕ್ಯಾಮೆರಾ. ಹೆಚ್ಚಿನವಕ್ಕೆ ಫೋಕಸ್ ಮಾಡುವ ಗೊಡವೆ ಇಲ್ಲ, ನಾಲ್ಕು ಅಡಿ ದೂರದಲ್ಲಿ ನಿಂತರೆ ಆಯಿತು. ಕಲಾಕೃತಿಯೇನಲ್ಲ. ಆದರೆ ಕೆಡುವುದಕ್ಕೆ ಒಳಗೆ ಹೆಚ್ಚೇನೂ ಇಲ್ಲದ ಗಟ್ಟಿ ಜೀವ.

ಮಾರುವವರು ಸಾಮಾನ್ಯವಾಗಿ "ಫಿಲ್ಮ್ ಇಲ್ಲ, ಅದಕ್ಕೆ ಚೆಕ್ ಮಾಡಿಲ್ಲ" ಎನ್ನುತ್ತಾರೆ. ನಿಜವೂ ಇರಬಹುದು. ಪ್ಯಾಕ್ ಇಲ್ಲದೆ ಈ ಕ್ಯಾಮೆರಾ ಉಸಿರೂ ಆಡುವುದಿಲ್ಲ. ಇದಕ್ಕೆ ನನ್ನ ಉಪಾಯ ಒಂದಿದೆ. ಮುಗಿದ 600 ಪ್ಯಾಕನ್ನು ಬಿಸಾಡಬೇಡಿ. ಅದರ ಬ್ಯಾಟರಿಯಲ್ಲಿ ಇನ್ನೂ ಕಸುವು ಉಳಿದಿರುತ್ತದೆ. ಭಾನುವಾರ ಬೆಂಗಳೂರಿನ ಸಂಡೇ ಬಜಾರಿಗೆ ಹೋಗುವಾಗ ಅದನ್ನು ಚೀಲದಲ್ಲಿ ಹಾಕಿಕೊಂಡು ಹೋಗುತ್ತೇನೆ. ಕ್ಯಾಮೆರಾಕ್ಕೆ ತೂರಿಸಿ ಬಾಗಿಲು ಮುಚ್ಚಿದಾಗ ಮೋಟಾರು ಗರ್ರ್ ಎನ್ನಬೇಕು. ಫ್ಲ್ಯಾಷ್ ಚಾರ್ಜ್ ಆಗಬೇಕು. ಬಟನ್ ಒತ್ತಿದರೆ ಕ್ಲಿಕ್, ಮತ್ತೆ ಗರ್ರ್. ಇಷ್ಟಾದರೆ ಮುಕ್ಕಾಲು ಪಾಲು ಕ್ಯಾಮೆರಾ ಬದುಕಿದೆ ಎಂದರ್ಥ. ಆಮೇಲೆ ಮುಖದಲ್ಲಿ ಖುಷಿ ತೋರಿಸದೆ ಚೌಕಾಸಿ ಮಾಡಿ.

ಸದ್ದು ಬರಲಿಲ್ಲವೇ? ಪ್ಯಾಕ್ ಕೂರುವ ಜಾಗದ ತಳದಲ್ಲಿ ಎರಡು ಚಿಕ್ಕ ಲೋಹದ ಮೊಳಕೆಗಳಿವೆ. ಪ್ಯಾಕಿನ ಬ್ಯಾಟರಿಗೆ ತಾಗುವುದು ಅವು. ಕಪ್ಪಾಗಿದ್ದರೆ ಇಯರ್‌ ಬಡ್ಸಿಗೆ ಐಪಿಎ ಹಚ್ಚಿ ಉಜ್ಜಿ. ಐಪಿಎ ಎಂದರೆ ಮೊಬೈಲ್ ರಿಪೇರಿಯವರು ಬೋರ್ಡ್ ತೊಳೆಯುವ ದ್ರವ, ಎಸ್.ಪಿ. ರೋಡಿನಲ್ಲಿ ಕೇಳಿದರೆ ಕೊಡುತ್ತಾರೆ. ಇಷ್ಟಕ್ಕೂ ಏಳದಿದ್ದರೆ ಬಿಡಿ, ಇನ್ನೊಂದು 600 ಹುಡುಕಿ. ಬಿಚ್ಚುವ ಸಾಹಸ ಬೇಡ. ಫ್ಲ್ಯಾಷಿನ ಕೆಪಾಸಿಟರ್ 300 ವೋಲ್ಟಿನಷ್ಟು ಹಿಡಿದಿಟ್ಟುಕೊಳ್ಳುತ್ತದೆ. ಬ್ಯಾಟರಿ ತೆಗೆದ ಮೇಲೂ ಅದು ಒದೆಯುತ್ತದೆ. ಈ ಮಾತು ಇನ್‌ಸ್ಟಾಕ್ಸಿಗೂ ಸೇರಿಸಿ.

ಸದ್ದು ಬರುತ್ತದೆ, ಚಿತ್ರವೂ ಬರುತ್ತದೆ, ಆದರೆ ಒಂದೇ ಅಂತರದಲ್ಲಿ ಮಚ್ಚೆಗಳು ಬೀಳುತ್ತಿವೆ. ಇದು ಎಲ್ಲರಿಗೂ ಬರುವ ಕಾಯಿಲೆ, ಮದ್ದು ಸುಲಭ. ಚಿತ್ರ ಹೊರಬರುವ ಬಾಗಿಲಲ್ಲಿ ಎರಡು ಉಕ್ಕಿನ ರೋಲರುಗಳಿವೆ. ಚಿತ್ರದ ಕೆಳಗಿನ ದಪ್ಪ ಬಿಳಿ ಪಟ್ಟಿಯಲ್ಲಿ ರಾಸಾಯನಿಕದ ಪೊಟ್ಟಣ ಇರುತ್ತದೆ. ಕಬ್ಬಿನ ಗಾಣದ ಹಾಗೆ ಈ ರೋಲರುಗಳು ಅದನ್ನು ಹಿಂಡಿ ಚಿತ್ರದ ತುಂಬಾ ಸಮನಾಗಿ ಹರಡುತ್ತವೆ. ರೋಲರಿನ ಮೇಲೆ ಒಣಗಿದ ಚೂರು ಅಂಟಿದ್ದರೆ ಪ್ರತಿ ಸುತ್ತಿಗೂ ಒಂದು ಮಚ್ಚೆ. ಒದ್ದೆ ಮಾಡಿ ಹಿಂಡಿದ ಮೆತ್ತನೆ ಬಟ್ಟೆಯಿಂದ, ಪಕ್ಕದ ಹಲ್ಲುಚಕ್ರವನ್ನು ಬೆರಳಲ್ಲಿ ತಿರುಗಿಸುತ್ತಾ ಒರೆಸಿ. ಚಾಕು, ಸ್ಕ್ರೂಡ್ರೈವರ್ ಬೇಡವೇ ಬೇಡ. ಗೀರು ಬಿದ್ದರೆ ಆ ಮಚ್ಚೆ ಶಾಶ್ವತ. ಒಣಗಿದ ಆ ರಾಸಾಯನಿಕ ಕ್ಷಾರ, ಚರ್ಮ ಸುಡುತ್ತದೆ. ಕೈ ತೊಳೆದುಕೊಳ್ಳಿ, ಮಕ್ಕಳನ್ನು ದೂರ ಇಡಿ.

ಎಸ್‌ಎಕ್ಸ್-70: ಮನಸ್ಸು ಸೋತರೆ ಮಾತ್ರ

ಮಡಚಿದರೆ ದಪ್ಪ ಡೈರಿಯಂತೆ, ಬಿಡಿಸಿದರೆ ಎದ್ದು ನಿಂತ ಗೋಪುರದಂತೆ. ಚರ್ಮದ ಹೊದಿಕೆ, 116 ಮಿ.ಮೀ. ಗಾಜಿನ ಲೆನ್ಸ್, ಲೆನ್ಸಿನ ಮೂಲಕವೇ ನೋಡಿ ಫೋಕಸ್ ಮಾಡುವ ಸೌಲಭ್ಯ, ಸುಮಾರು ಹತ್ತೂವರೆ ಇಂಚು ಹತ್ತಿರದವರೆಗೆ. ದಾಸವಾಳದ ಹೂವೊಂದನ್ನು ಇದರಲ್ಲಿ ತೆಗೆದು ನೋಡಿದ ಮೇಲೆ 600ರ ಚಿತ್ರ ಸಪ್ಪೆ ಎನಿಸಿತು. ಅಷ್ಟು ಒಳ್ಳೆಯದು.

ಹಾಗಂತ ಮೊದಲ ಕ್ಯಾಮೆರಾ ಆಗಿ ಇದನ್ನು ಕೊಳ್ಳಿ ಎಂದು ನಾನು ಹೇಳುವುದಿಲ್ಲ. ಬೆಲೆ ಜಾಸ್ತಿ. ಒಳಗೆ ಕನ್ನಡಿ, ಹಲ್ಲುಚಕ್ರ, ಹಳೆ ಎಲೆಕ್ಟ್ರಾನಿಕ್ಸ್ ಎಲ್ಲ ಒತ್ತಾಗಿ ತುಂಬಿವೆ. ಮಾಮೂಲಿ ಕ್ಯಾಮೆರಾ ರಿಪೇರಿಯವರಿಗೆ ಇದರ ಬಿಡಿಭಾಗ ಸಿಗುವುದಿಲ್ಲ. ನಾನು ಕೊಟ್ಟ ಅಂಗಡಿಯಲ್ಲಿ ನಾಲ್ಕು ತಿಂಗಳು ಇಟ್ಟುಕೊಂಡು, ಎರಡು ಸ್ಕ್ರೂ ಕಡಿಮೆ ಮಾಡಿ ವಾಪಸ್ ಕೊಟ್ಟರು. ಇದಕ್ಕೆಂದೇ ಇರುವ ರಿಪೇರಿಯವರು ಅಮೆರಿಕ, ಯುರೋಪಿನಲ್ಲಿದ್ದಾರೆ. ಹಾಗಾಗಿ ಕೊಳ್ಳುವುದಾದರೆ ಅವರ ಕೈಯಿಂದ ಸರಿಯಾಗಿ ಬಂದದ್ದನ್ನೇ ಕೊಳ್ಳಿ. ಅಗ್ಗಕ್ಕೆ ಸಿಕ್ಕ ಕೆಟ್ಟ ಎಸ್‌ಎಕ್ಸ್-70 ಕೊನೆಗೆ ದುಬಾರಿಯಾಗುತ್ತದೆ.

ನಿಮ್ಮ ಮನೆಯಲ್ಲೇ ಒಂದು ಸಿಕ್ಕಿದರೆ ಮಾತು ಬೇರೆ. ಆಗ ಪ್ರಯತ್ನ ಮಾಡಲೇಬೇಕು. ಮುಚ್ಚುವಾಗ ಬಲ ಹಾಕಬೇಡಿ. ಪಕ್ಕದಲ್ಲಿ ಒಂದು ಆಧಾರದ ಪಟ್ಟಿ ಇದೆ, ಅದನ್ನು ಒತ್ತಿದರೆ ತಾನೇ ಮಡಚಿಕೊಳ್ಳುತ್ತದೆ. ಒತ್ತದೆ ಅದುಮಿದವರ ಕೈಯಲ್ಲಿ ಇದು ಮುರಿಯುತ್ತದೆ. ಕತ್ತಲೆ ಕೋಣೆಯಲ್ಲಿ ತಿದಿಯ ಒಳಗೆ ಟಾರ್ಚ್ ಬಿಟ್ಟು ಹೊರಗಿನಿಂದ ನೋಡಿ. ಬೆಳಕಿನ ಚುಕ್ಕೆ ಕಂಡರೆ ತೂತಿದೆ. ಚರ್ಮ ಉದುರುತ್ತಿದ್ದರೆ ತಲೆ ಕೆಡಿಸಿಕೊಳ್ಳಬೇಡಿ, ಅದು ಮೇಲಿನ ಚೆಂದ ಅಷ್ಟೆ.

ಫಿಲ್ಮ್ ಕೊಳ್ಳುವಾಗ ಹುಷಾರು. ಎಸ್‌ಎಕ್ಸ್-70 ಫಿಲ್ಮಿನ ಐಎಸ್‌ಒ ಸುಮಾರು 160, 600ರದ್ದು 640. ಐಎಸ್‌ಒ ಎಂದರೆ ಫಿಲ್ಮ್ ಬೆಳಕಿಗೆ ಎಷ್ಟು ಚುರುಕು ಎಂಬ ಅಳತೆ, ಇಲ್ಲಿ ನಾಲ್ಕು ಪಟ್ಟು ವ್ಯತ್ಯಾಸ. 600 ಫಿಲ್ಮನ್ನು ಇದಕ್ಕೆ ಹಾಗೇ ಹಾಕಿದರೆ ಚಿತ್ರ ಬೆಳ್ಳಗೆ ಸುಣ್ಣ ಬಳಿದಂತೆ ಬರುತ್ತದೆ. ಬೆಳಕು ತಗ್ಗಿಸುವ ಎನ್‌ಡಿ ಫಿಲ್ಟರ್ ಬೇಕಾಗುತ್ತದೆ. ಎಸ್‌ಎಕ್ಸ್-70 ಫಿಲ್ಮ್ ನಿಧಾನದ್ದು, ಕ್ಯಾಮೆರಾದಲ್ಲಿ ಫ್ಲ್ಯಾಷೂ ಇಲ್ಲ. ನಡುಮನೆಯ ಬೆಳಕಿನಲ್ಲಿ ಕೈ ಸ್ವಲ್ಪ ಅಲುಗಿದರೂ ಚಿತ್ರ ಮಸುಕು. ಅಂಗಳದಲ್ಲಿ, ಬೆಳಗಿನ ಹತ್ತು ಗಂಟೆಯ ಬಿಸಿಲಲ್ಲಿ ಇದಕ್ಕೆ ಸಾಟಿಯಿಲ್ಲ.

ಇನ್‌ಸ್ಟಾಕ್ಸ್: ಲೆಕ್ಕ ಹಾಕಿದರೆ ಗೆಲ್ಲುವುದು ಇದೇ

ಜಪಾನಿನ ಫ್ಯೂಜಿ 1998ರಲ್ಲಿ ತಂದ ಇನ್‌ಸ್ಟಾಕ್ಸ್ ಮಿನಿಯ ಫಿಲ್ಮ್ ಈಗ ನಮ್ಮಲ್ಲಿ ಆನ್‌ಲೈನಿನಲ್ಲಿ, ದೊಡ್ಡ ಪುಸ್ತಕದಂಗಡಿಗಳಲ್ಲಿ ಸಿಗುತ್ತದೆ. ಚಿತ್ರ ಒಂದಕ್ಕೆ ನಾನು ಕೊಡುತ್ತಿರುವುದು ಐವತ್ತು ಅರವತ್ತು ರೂಪಾಯಿ. ಪ್ಯಾಕಿಗೆ ಹತ್ತು ಚಿತ್ರ. ಪೋಲರಾಯ್ಡ್ ಪ್ಯಾಕಿಗೆ ಎಂಟೇ, ಇಲ್ಲಿಗೆ ಬರುವಷ್ಟರಲ್ಲಿ ಒಂದೊಂದು ಇನ್ನೂರು ದಾಟಿರುತ್ತದೆ. ಮಗುವಿನ ನಾಮಕರಣದಲ್ಲಿ ಬಂದವರಿಗೆಲ್ಲ ಒಂದೊಂದು ಫೋಟೋ ಕೊಡಬೇಕು ಎಂದಿದ್ದರೆ ಯೋಚನೆಯೇ ಬೇಡ, ಇನ್‌ಸ್ಟಾಕ್ಸ್. ಮಿನಿಯ ಚಿತ್ರ ಚಿಕ್ಕದು, 62 ಮತ್ತು 46 ಮಿ.ಮೀ., ಪರ್ಸಿನಲ್ಲಿ ಕೂರುತ್ತದೆ. ಮೂರು ತಲೆಮಾರು ಒಟ್ಟಿಗೆ ನಿಂತರೆ ಮುಖ ಕಡಲೆಬೇಳೆಯಷ್ಟು. ಅದಕ್ಕೆ ಅಗಲ ಚಿತ್ರ ಕೊಡುವ ಇನ್‌ಸ್ಟಾಕ್ಸ್ ವೈಡ್ ಒಳ್ಳೆಯದು.

ಸೆಕೆಂಡ್ ಹ್ಯಾಂಡ್ ಮಿನಿ ನೋಡುವಾಗ ಮೊದಲು ಸೆಲ್ ಮುಚ್ಚಳ ತೆಗೆಯಿರಿ. ಬಿಳಿ ಉಪ್ಪಿನಂಥದ್ದೋ ಹಸಿರು ಕಿಲುಬೋ ಕಂಡರೆ ಸೆಲ್ ಸೋರಿದೆ. ಮೇಲ್ಮೇಲೆ ಇದ್ದರೆ ಇಯರ್‌ ಬಡ್ಸಿಗೆ ನಿಂಬೆರಸ ಅಥವಾ ವಿನೆಗರ್ ಹಚ್ಚಿ ಒರೆಸಿ, ಆಮೇಲೆ ಐಪಿಎ, ಆಮೇಲೆ ಪೂರ್ತಿ ಒಣಗಿಸಿ. ಸೋರಿದ್ದು ಕ್ಷಾರ, ಹುಳಿ ಅದನ್ನು ಕರಗಿಸುತ್ತದೆ. ಸ್ಪ್ರಿಂಗ್ ಮುಟ್ಟಿದರೆ ಮುರಿಯುವಷ್ಟು ಸವೆದಿದ್ದರೆ ಆ ಕ್ಯಾಮೆರಾ ಬಿಟ್ಟುಬಿಡಿ.

ಹೊಸ ಸೆಲ್ ತಗೊಂಡೇ ಹೋಗಿ. ಲೆನ್ಸ್ ಮೂತಿ ಸರಾಗವಾಗಿ ಹೊರಗೆ ಬಂದು ಒಳಗೆ ಹೋಗಬೇಕು. ಕೆಳಗೆ ಬಿದ್ದ ಮಿನಿಗಳಲ್ಲಿ ಇದು ಓರೆಯಾಗಿ ಕಚ್ಚಿಕೊಂಡಿರುತ್ತದೆ. ಹಾಗಿದ್ದರೆ ರಿಪೇರಿ ಯೋಚನೆ ಬೇಡ, ರಿಪೇರಿಯ ದುಡ್ಡಿಗೆ ಇನ್ನಷ್ಟು ಸೇರಿಸಿದರೆ ಹೊಸದೇ ಬರುತ್ತದೆ. ಹಳೆಯದರ ಮೇಲೆ ನನಗೆ ಪ್ರೀತಿ ಇದ್ದರೂ ಇಲ್ಲಿ ಸೆಂಟಿಮೆಂಟ್ ಬೇಡ ಎನ್ನುತ್ತೇನೆ. ಫಿಲ್ಮ್ ಹಾಕುವಾಗ ಕ್ಯಾಮೆರಾದ ಹಳದಿ ಗುರುತಿಗೆ ಪ್ಯಾಕಿನ ಹಳದಿ ಗುರುತು ಕೂಡಬೇಕು. ಮುಗಿಯುವ ತನಕ ಹಿಂದಿನ ಬಾಗಿಲು ತೆರೆಯಬೇಡಿ. "ಒಳಗೆ ಏನಿದೆ ನೋಡೋಣ" ಎಂದ ಒಬ್ಬ ಅಳಿಯನಿಂದ ನಮ್ಮ ಮನೆಯಲ್ಲಿ ಆರು ಚಿತ್ರ ಹೋಗಿವೆ.

ಹಳೆ ಪೋಲರಾಯ್ಡ್ ಮತ್ತು ಇನ್‌ಸ್ಟಾಕ್ಸ್ ನಡುವೆ ಇನ್ನೊಂದು ಜಾತಿ ಇದೆ, ಪೋಲರಾಯ್ಡಿನ ಹೊಸ ಕ್ಯಾಮೆರಾಗಳು. 2017ರ ಒನ್‌ಸ್ಟೆಪ್ 2, 2020ರ ಪೋಲರಾಯ್ಡ್ ನೌ. ಇವೇ ಐ-ಟೈಪ್ ಕ್ಯಾಮೆರಾಗಳು, ಒಳಗೆ ಚಾರ್ಜ್ ಆಗುವ ಬ್ಯಾಟರಿ. ಇವಕ್ಕೆ ಐ-ಟೈಪ್ ಫಿಲ್ಮೂ ಆಗುತ್ತದೆ, 600 ಫಿಲ್ಮೂ ಆಗುತ್ತದೆ. ನಾನು ಮಾಡಿದ ತಪ್ಪು ಇದರ ಉಲ್ಟಾ. ಸೆಕೆಂಡ್ ಹ್ಯಾಂಡ್ ಕೊಳ್ಳುವಾಗ ಚಾರ್ಜ್ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ನೋಡದೆ ದುಡ್ಡು ಕೊಡಬೇಡಿ.

ಊರಿನ ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಿರಿ

ಪೋಲರಾಯ್ಡ್ 2008ರಲ್ಲಿ ಫಿಲ್ಮ್ ನಿಲ್ಲಿಸಿದಾಗ ನೆದರ್‌ಲ್ಯಾಂಡ್ಸಿನ ಎನ್‌ಸ್ಖೆಡೆಯಲ್ಲಿದ್ದ ಅದರ ಕಾರ್ಖಾನೆಯ ಯಂತ್ರಗಳನ್ನು ಇಂಪಾಸಿಬಲ್ ಪ್ರಾಜೆಕ್ಟ್ ಎಂಬ ಚಿಕ್ಕ ತಂಡ ಉಳಿಸಿಕೊಂಡಿತು. ಹಳೆ ರಾಸಾಯನಿಕಗಳು ಸಿಗದೆ ಫಿಲ್ಮನ್ನು ಹೊಸದಾಗಿ ಕಂಡುಹಿಡಿಯಬೇಕಾಯಿತು. 2010ರಲ್ಲಿ ಮೊದಲ ಫಿಲ್ಮ್ ಬಂತು. ಈಗ ಪೋಲರಾಯ್ಡ್ ಹೆಸರು ಅವರದ್ದೇ. ಇದನ್ನು ಯಾಕೆ ಹೇಳಿದೆ ಎಂದರೆ, ಚಿಕ್ಕಪ್ಪನ ಕಾಲದ ಫಿಲ್ಮಿನ ಗಟ್ಟಿತನ ಈ ಹೊಸ ಫಿಲ್ಮಿಗಿಲ್ಲ. 13ರಿಂದ 28 ಡಿಗ್ರಿ ಸೆಲ್ಸಿಯಸ್ ಒಳಗೆ ಇದು ಚೆನ್ನಾಗಿ ಕೆಲಸ ಮಾಡುತ್ತದೆ. ಅದಕ್ಕಿಂತ ಬಿಸಿಯಾದರೆ ಚಿತ್ರಕ್ಕೆ ಹಳದಿ, ಗುಲಾಬಿ ಛಾಯೆ. ತಣ್ಣಗಾದರೆ ನೀಲಿ, ಪೇಲವ. ಇನ್‌ಸ್ಟಾಕ್ಸ್ 5ರಿಂದ 40 ಡಿಗ್ರಿ ತಡೆಯುತ್ತದೆ.

ಹಾಗಾಗಿ ಬೆಂಗಳೂರು, ಮೈಸೂರಿನವರು ಪೋಲರಾಯ್ಡ್ ಇಟ್ಟುಕೊಂಡು ಸುಖವಾಗಿರಬಹುದು. ರಾಯಚೂರು, ಕಲಬುರಗಿಯ ಏಪ್ರಿಲ್ ಮಧ್ಯಾಹ್ನದಲ್ಲಿ ಅದು ಬೇಡ. ಆ ಸೆಕೆಯಲ್ಲಿ ಇನ್‌ಸ್ಟಾಕ್ಸೇ ಏದುಸಿರು ಬಿಡುತ್ತದೆ.

ಫಿಲ್ಮನ್ನು ಫ್ರಿಜ್ಜಿನಲ್ಲಿ ಇಡಿ, ಫ್ರೀಜರಿನಲ್ಲಿ ಬೇಡ. ಬಳಸುವ ಒಂದು ಗಂಟೆ ಮೊದಲು ಹೊರಗೆ ತೆಗೆದಿಡಿ. ಅಮೆರಿಕದಲ್ಲಿರುವ ಅಕ್ಕ ಭಾವ ತರುವುದಾದರೆ ಕೈ ಚೀಲದಲ್ಲೇ ತರಲು ಹೇಳಿ. ದೊಡ್ಡ ಸೂಟ್‌ಕೇಸಿಗೆ ಬೀಳುವ ಎಕ್ಸ್-ರೇ ಜೋರು, ಫಿಲ್ಮ್ ಮಸುಕಾಗುತ್ತದೆ.

ಮೊದಲ ಪ್ಯಾಕ್

ರಿಪೇರಿ ಆಯಿತು, ಸರಿಯಾದ ಫಿಲ್ಮ್ ಬಂತು. ಪ್ಯಾಕ್ ಹಾಕಿ ಬಾಗಿಲು ಮುಚ್ಚಿದ ಕೂಡಲೇ ಪೋಲರಾಯ್ಡ್ ತಾನಾಗಿ ಒಂದು ಕಪ್ಪು ಹಾಳೆ ಉಗುಳಬೇಕು. ಇನ್‌ಸ್ಟಾಕ್ಸಿನಲ್ಲಿ ಒಮ್ಮೆ ಬಟನ್ ಒತ್ತಬೇಕು. ಮೊದಲ ಚಿತ್ರ ಹಗಲು ಬೆಳಕಿನಲ್ಲಿ, ಅಲುಗಾಡದ ಯಾವುದಾದರೂ ವಸ್ತುವಿನದ್ದು ತೆಗೆಯಿರಿ. ತುಳಸಿಕಟ್ಟೆ ಆಗಬಹುದು. ಮಗುವಿನ ನಗು ಬೇಡ, ಅದು ಹಾಳಾದರೆ ಹೊಟ್ಟೆ ಉರಿಯುತ್ತದೆ.

ಪೋಲರಾಯ್ಡ್ ಚಿತ್ರ ಹೊರಬಂದ ತಕ್ಷಣ ಬೆಳಕಿನಿಂದ ಮರೆಮಾಡಿ, ಬೋರಲು ಹಾಕಿ. ಬಣ್ಣ ಪೂರ್ತಿ ಮೂಡಲು ಹತ್ತು ಹದಿನೈದು ನಿಮಿಷ ಬೇಕು. ಚಿತ್ರವನ್ನು ಗಾಳಿಯಲ್ಲಿ ಬೀಸಬೇಡಿ. ಬೀಸುವುದು ಸುಲಿಯುವ ಫಿಲ್ಮಿನ ಕಾಲದ ಅಭ್ಯಾಸ, ಆಗ ಚಿತ್ರದ ಮೇಲ್ಮೈ ಒದ್ದೆ ಇರುತ್ತಿತ್ತು. ಈಗ ಎಲ್ಲ ಪದರಗಳ ಒಳಗೇ ನಡೆಯುತ್ತದೆ.

ಇನ್ನೊಂದು ಮಾತು. ಹಳೆ 600 ಮತ್ತು ಎಸ್‌ಎಕ್ಸ್-70ರ ಲೆಕ್ಕದ ಕಿಟಕಿ ಹತ್ತರಿಂದ ಇಳಿಯುತ್ತದೆ, ಯಾಕೆಂದರೆ ಆಗ ಪ್ಯಾಕಿಗೆ ಹತ್ತು ಚಿತ್ರ ಇರುತ್ತಿದ್ದವು. ಈಗ ಎಂಟು. ಕಿಟಕಿಯಲ್ಲಿ 2 ಕಂಡಾಗ ಪ್ಯಾಕ್ ಖಾಲಿ. ಚಿಕ್ಕಪ್ಪ ಮೊನ್ನೆ ಆ 2 ನೋಡಿ "ಇನ್ನೆರಡಿದೆ, ಎಲ್ಲರೂ ನಿಲ್ಲಿ" ಎಂದು ಮನೆಮಂದಿಯನ್ನೆಲ್ಲ ಅಂಗಳದಲ್ಲಿ ಸಾಲಾಗಿ ನಿಲ್ಲಿಸಿದರು. ಕ್ಯಾಮೆರಾ ಗರ್ರ್ ಎಂದಿತು, ಏನೂ ಬರಲಿಲ್ಲ.